ಎಡಗೈಗೆ ಕೋಲು

ಈಗಲೂ ಯಾರಾದರೂ ಹಿಂದಿನಿಂದ "ತಗೋ" ಅಂದರೆ ನನಗೆ ಸಿಟ್ಟು ಬರುತ್ತದೆ. ಕೊಡುವವರು ಏನು ಕೊಡುತ್ತಿದ್ದಾರೆಂದು ತಿರುಗಿ ನೋಡುವ ಮೊದಲೇ ಬರುತ್ತದೆ. ಇದಕ್ಕೆ ಕಾರಣ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಶಿಗ್ಗಾಂವದಲ್ಲಿದ್ದ ಒಬ್ಬ ಡ್ರಿಲ್ ಮಾಸ್ತರರು.

ಅವರು ಯಾವುದೋ ಹಳೆಯ ಪತ್ರಿಕೆಯಿಂದ ಒಂದು ಚಿತ್ರ ಕತ್ತರಿಸಿ ಇಟ್ಟುಕೊಂಡಿದ್ದರು. ಹೊರದೇಶದಲ್ಲಿ ಎಳೆಯ ಹುಡುಗ ಹುಡುಗಿಯರಿಗಾಗಿ ನಡೆದ ಕ್ರೀಡಾಕೂಟ. ಒಬ್ಬಳು ಓಡುತ್ತ ಬಂದು ರಿಲೇ ಓಟದ ಕೋಲು ಚಾಚಿದ್ದಾಳೆ, ಮುಂದಿನವಳು ತಿರುಗಿ ನೋಡದೆ ಎಡಗೈ ಹಿಂದಕ್ಕೆ ಒಡ್ಡಿದ್ದಾಳೆ. ಆ ಚಿತ್ರ ನೋಡಿ ನೋಡಿ ಮಾಸ್ತರರ ತಲೆ ಕೆಟ್ಟಿತ್ತು. ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು, ಒಂದೊಂದು ತಾಲೂಕಿನಿಂದ ಒಬ್ಬೊಬ್ಬ ಹುಡುಗಿಯನ್ನು ಆರಿಸಿ ರಿಲೇ ತಂಡ ಕಟ್ಟಿದರು. ಶಿಗ್ಗಾಂವದ ಕೂಟದಲ್ಲಿ ಗೆದ್ದ ತಂಡ ಬೆಂಗಳೂರಿಗೆ ಹೋಗಬೇಕು. "ಬೆಂಗಳೂರಿಂದ ದಿಲ್ಲಿ, ದಿಲ್ಲಿಯಿಂದ ವಿಮಾನ!" ಎನ್ನುತ್ತಿದ್ದರು. ಹಾನಗಲ್ಲು ತಾಲೂಕಿನ ನಮ್ಮ ತಿಳವಳ್ಳಿಯಿಂದ ಶಿಗ್ಗಾಂವಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲೇ ಎರಡು ಸಲ ವಾಂತಿ ಮಾಡಿಕೊಂಡಿದ್ದ ನನಗೆ ವಿಮಾನದ ಮಾತೇ ಬೇಡವಾಗಿತ್ತು.

ಹಿರೇಕೆರೂರಿನ ಹುಡುಗಿಗೆ ಮಾತ್ರ ಬೇಕಿತ್ತು. ವಿಮಾನವಲ್ಲ, ರೈಲು. ಅವಳು ರೈಲನ್ನು ಕಂಡವಳೇ ಅಲ್ಲ. ಗೆದ್ದರೆ ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಹತ್ತುವುದೆಂದು ಕೇಳಿದ ದಿನದಿಂದ ಅವಳಿಗೆ ಅದೇ ಧ್ಯಾನ. "ಬೇಸಿಗ್ಯಾಗ ನನ್ನ ಲಗ್ನ ಐತಿ. ಆಮ್ಯಾಲ ನನ್ನ ಯಾರು ಓಡಾಕ ಬಿಡ್ತಾರ? ಒಮ್ಮೆ ರೈಲು ಹತ್ತಿ ಬೆಂಗಳೂರಾಗ ಓಡಿ ಬರ್ತೇನಿ, ಸಾಕು" ಎಂದು ಮೊದಲ ದಿನವೇ ನನಗೆ ಹೇಳಿದ್ದಳು. ನಮ್ಮೆಲ್ಲರಿಗಿಂತ ಜೋರಾಗಿ ಓಡುವವಳೂ ಅವಳೇ.

ಮಾಸ್ತರರ ಮನೆಯಲ್ಲೇ ಒಂದು ತಿಂಗಳು ನಮ್ಮ ವಾಸ. ಕೋಲು ಇನ್ನೂ ಬಂದಿರಲಿಲ್ಲವಾದ್ದರಿಂದ ಅವರ ಹೆಂಡತಿಯ ಲಟ್ಟಣಿಗೆ ಹಿಡಿದು ಓಡಿದೆವು. ಆ ತಾಯಿ ಬಾಗಿಲಲ್ಲಿ ನಿಂತು, "ಚಪಾತಿ ಹೆಂಗ ಲಟ್ಟಿಸ್ಲಿರೀ, ಮೊಣಕೈಲೇನು?" ಎಂದು ಗಂಡನನ್ನು ಕೇಳುತ್ತಿದ್ದರು. ಮಾಸ್ತರರಿಗೆ ಕೇಳಿಸುತ್ತಿರಲಿಲ್ಲ.

ಓಟದಲ್ಲಿ ನಮಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕೈಯಲ್ಲಿ. ಮೊದಲು ಓಡುವ ಶಿಗ್ಗಾಂವದವಳು ಬಲಗೈಯಿಂದ ಕೊಟ್ಟ ಕೋಲನ್ನು ಹಿರೇಕೆರೂರಿನವಳು ಎಡಗೈಯಲ್ಲಿ ಹಿಡಿಯಬೇಕು, ಅದೇ ಎಡಗೈಯಿಂದ ಸವಣೂರಿನವಳಿಗೆ ಕೊಡಬೇಕು. ಹುಟ್ಟಿದಾಗಿನಿಂದ ಎಡಗೈಯಲ್ಲಿ ಒಂದು ಅಡಿಕೆ ಚೂರನ್ನೂ ಯಾರಿಗೂ ಕೊಡದೆ ಬೆಳೆದ ಹುಡುಗಿ! ಕೋಲು ಹತ್ತಿರ ಬಂದ ಕೂಡಲೇ ಅವಳ ಬಲಗೈಯೇ ಮುಂದೆ ಬರುತ್ತಿತ್ತು. ಬೈದರೆ ಎರಡೂ ಕೈ ಜೋಡಿಸಿ, ಪ್ರಸಾದ ತಗೊಂಡ ಹಾಗೆ ತಗೊಳ್ಳುತ್ತಿದ್ದಳು. ಸವಣೂರಿನವಳದು ಬೇರೆಯೇ ಕಥೆ. "ಎಡಗೈಲೆ ಕೊಟ್ಟದ್ದನ್ನ ನಾ ಯಾಕ ತಗೋಬೇಕ್ರಿ? ನಾ ಏನ್ ಭಿಕ್ಷಾಕ ಬಂದೇನೇನು?" ಎಂದು ಒಮ್ಮೆ ಮೈದಾನದ ನಡುವೆಯೇ ಕೂತುಬಿಟ್ಟಳು.

ಕೊನೆಗೆ ಓಡುವವಳು ನಾನು. ನಾನೂ ಎಡಗೈಯಲ್ಲೇ ಹಿಡಿಯಬೇಕಾಗಿತ್ತು, ಎರಡೇ ದಿನದಲ್ಲಿ ಕಲಿತೆ. ಕಲಿತ ಸೊಕ್ಕು ಬೇರೆ. ಹಿರೇಕೆರೂರಿನವಳನ್ನು ಮಾಸ್ತರರಿಗಿಂತ ಹೆಚ್ಚು ಬೈದವಳು ನಾನೇ. ದಡ್ಡಿ ಅಂದೆ, ಎಮ್ಮೆ ಅಂದೆ, ನಿನ್ನಿಂದ ಎಲ್ಲಾರದೂ ಹಾಳಾಗ್ತದ ಅಂದೆ. ಅವಳು ತುಟಿ ಕಚ್ಚಿಕೊಂಡು ಮತ್ತೆ ಓಡುತ್ತಿದ್ದಳು. ಮಾಸ್ತರರು ಒಂದು ಉಪಾಯ ಹೂಡಿದರು. ಹಿಂದಿನವಳು "ತಗೋ" ಎಂದು ಕೂಗಬೇಕು. ಆ ಮಾತು ಕಿವಿಗೆ ಬಿದ್ದರೆ ವಿಚಾರ ಮಾಡಬಾರದು, ತಿರುಗಿ ನೋಡಬಾರದು, ಕೈ ತಾನಾಗಿ ಹಿಂದಕ್ಕೆ ಹೋಗಬೇಕು. ಊಟಕ್ಕೆ ಕೂತಾಗ, ತಲೆ ಬಾಚಿಕೊಳ್ಳುವಾಗ, ನೀರು ಸೇದುವಾಗ, ಎಲ್ಲೆಂದರಲ್ಲಿ ಹಿಂದಿನಿಂದ ಬಂದು "ತಗೋ!" ಎಂದು ಚೀರುತ್ತಿದ್ದರು. ಕೊಡ ಬಿಟ್ಟು ಕೈ ಒಡ್ಡುತ್ತಿದ್ದೆವು. ತಿಂಗಳು ಮುಗಿಯುವಷ್ಟರಲ್ಲಿ ಹಿರೇಕೆರೂರಿನವಳಿಗೂ ಬಂತು.

ಕೂಟದ ದಿನ ಗೆದ್ದೆವು. ಉಟ್ಟ ಪರಕಾರವನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಒಮ್ಮೆಯೂ ಕೋಲು ಬೀಳಿಸದೆ ಗೆದ್ದೆವು. ಹಿರೇಕೆರೂರಿನವಳು ಎಡಗೈಯಲ್ಲಿ ಹಿಡಿದು ಎಡಗೈಯಿಂದಲೇ ಕೊಟ್ಟಳು. ಅವಳು ಗಳಿಸಿಕೊಟ್ಟ ಅಂತರವೇ ನನ್ನ ಪಾಲಿಗೆ ಉಳಿದಿತ್ತು, ನಾನು ಅದನ್ನು ಕಳೆಯಲಿಲ್ಲ, ಅಷ್ಟೇ.

ಬಹುಮಾನ ಕೊಡಲು ಬಂದವರು ರುಮಾಲು ಸುತ್ತಿದ ಒಬ್ಬ ಹಿರಿಯರು. ಗೆದ್ದ ತಂಡವನ್ನು ಬೆಂಗಳೂರಿಗೆ ಕಳಿಸುವ ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ. ತಂಡದ ಪರವಾಗಿ ನನ್ನನ್ನು ಕರೆದರು. ಅವರ ಕೈಯಲ್ಲಿ ಸುರುಳಿ ಸುತ್ತಿದ ಪ್ರಶಸ್ತಿಪತ್ರ. ನಾನು ಬಲಗೈ ಮುಂದೆ ಮಾಡಬೇಕೆನ್ನುವಷ್ಟರಲ್ಲಿ ಫೋಟೋ ತೆಗೆಯುವವನು, "ತಂಗಿ, ಈ ಕಡೆ ನೋಡು" ಎಂದ. ನೋಡಿದೆ. ಹಿರಿಯರು ನನ್ನ ಬೆನ್ನ ಹಿಂದಾದರು. ನಾನು ಪೆಚ್ಚಾಗಿ ನಿಂತದ್ದು ಕಂಡು ಕೆಳಗಿನಿಂದ ನಮ್ಮ ಮಾಸ್ತರರು, ಯಾವ ಪುಣ್ಯಾತ್ಮ ಅವರಿಗೆ ಬುದ್ಧಿ ಕೊಟ್ಟನೋ, "ತಗೋ!" ಎಂದು ಕೂಗಿದರು.

ನನ್ನ ಎಡಗೈ ಹಿಂದಕ್ಕೆ ಹೋಯಿತು. ಸುರುಳಿಯನ್ನು ಕಸಿದುಕೊಂಡಿತು. ಕಾಲು ಎರಡು ಹೆಜ್ಜೆ ಓಡಿಯೂ ಬಿಟ್ಟಿತು.

ಮಂದಿ ನಕ್ಕರು. ಹಿರಿಯರು ನಗಲಿಲ್ಲ. "ಯಾರ ಮಗಳು ಇಕಿ? ಮಾರಿ ತಿರುವಿಕೊಂಡು ಎಡಗೈ ಒಡ್ಡತಾಳ! ಇಂಥವರನ್ನ ಕಳಿಸಿದ್ರ ನಮ್ಮ ಸೀಮಿ ಮಂದಿಗೆ ರೀತಿ ರಿವಾಜು ಇಲ್ಲ ಅಂತಾರ" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಕಾಲಿಗೆ ಬಿದ್ದು ಮುಗಿಸುತ್ತಿದ್ದೆನೇನೋ. ಮಾಸ್ತರರು ಓಡಿ ಬಂದರು. "ಅಕೀದು ತಪ್ಪಿಲ್ರಿ ಸಾಹೇಬ್ರ, ನಾನ ಕಲಿಸೇನ್ರಿ. ಇಲ್ಲಿ ನೋಡ್ರಿ, ಹಿಂಗ!" ಎಂದು ಅವರಿಗೆ ಬೆನ್ನು ಮಾಡಿ ನಿಂತು, ತಮ್ಮ ಎಡಗೈಯನ್ನು ಅವರ ಹೊಟ್ಟೆಯ ಮುಂದೆ ಒಡ್ಡಿ ತೋರಿಸಿದರು. ಹಿರಿಯರು ವೇದಿಕೆ ಇಳಿದು ಹೋದರು. ಸಂಜೆಯೊಳಗೆ ಎರಡನೆಯದಾಗಿ ಬಂದ ತಂಡದ ಹೆಸರಿಗೆ ಸಹಿ ಬಿತ್ತು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಮಾಸ್ತರರ ಮೇಲಿನದೂ ಇಳಿದಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹಿರೇಕೆರೂರಿನವಳು ಗಂಟು ಹಿಡಿದು ನಿಂತಿದ್ದಳು. ಅವಳ ಅಣ್ಣ ಕರೆದೊಯ್ಯಲು ಬಂದಿದ್ದ. ನಾನು ಹತ್ತಿರ ಹೋಗಿ, "ತಪ್ಪಾತು. ನನ್ನ ಬೈ" ಎಂದೆ.

ಅವಳು, "ನೀ ನನ್ನ ಒಂದು ತಿಂಗಳು ಬೈದಿ. ನಾ ಕಲತ್ನಿ. ಈಗ ನಾ ನಿನ್ನ ಬೈದ್ರ ಏನ್ ಕಲೀತಿ?" ಎಂದಳು.

ಬಸ್ಸು ಬಂತು. ಅಣ್ಣ ಗಂಟು ಇಸಿದುಕೊಂಡ. ಅವಳು ಹತ್ತಿ, ನಾನು ನಿಂತಿದ್ದ ಕಡೆಯ ಕಿಟಕಿ ಬಿಟ್ಟು ಆಚೆ ಬದಿಗೆ ಕೂತಳು.