ಮೂರು ಸುತ್ತಿನ ಫ್ರಿಲ್ಲು

ನನ್ನ ಹೊಲಿಗೆಯ ಬಗ್ಗೆ ನನಗೆ ಜಂಬ ಇದೆ. ಇದ್ದರೆ ತಪ್ಪೇನು? ಆಗಿನ ಕಾಲಕ್ಕೆ ದಂಡಿನಶಿವರದ ಆಸುಪಾಸಿನಲ್ಲಿ ಫ್ರಾಕಿಗೆ ಮೂರು ಸುತ್ತು ಫ್ರಿಲ್ ಹಾಕಿ, ಒಂದು ನೆರಿಗೆಯೂ ಆಚೀಚೆ ಆಗದ ಹಾಗೆ ಹೊಲಿದವಳು ನಾನೊಬ್ಬಳೇ. ಇನ್ನೊಬ್ಬರಿದ್ದರು ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಮದುವೆಯಾಗಿ ಅಲ್ಲಿಗೆ ಬಂದಾಗ ತವರಿನಿಂದ ಒಂದು ಕೈಮೆಷಿನ್ನು ತಂದಿದ್ದೆ. ಕಾಲಲ್ಲಿ ತುಳಿಯುವುದಲ್ಲ, ಹಿಡಿಕೆ ಹಿಡಿದು ತಿರುಗಿಸುವುದು. ಅತ್ತೆಯ ಕಣ್ಣಿಗೆ ಅದೊಂದು ಆಟದ ಸಾಮಾನು. ನಡುಮನೆಯ ತುಂಬ ಸುಲಿಯಬೇಕಾದ ಕಾಯಿ, ಅಟ್ಟದ ತುಂಬ ಕೊಬ್ಬರಿ. ನನ್ನ ಮೆಷಿನ್ನಿಗೆ ಸಿಕ್ಕಿದ್ದು ಬಾಗಿಲ ಹಿಂದಿನ ಮೂಲೆ. “ಕೆಲ್ಸ ಎಲ್ಲಾ ಆದ್ಮೇಲೆ ಟಕಟಕ ಅನ್ನುಸ್ಕೊ ಕಣಮ್ಮ” ಎನ್ನುತ್ತಿದ್ದರು. ಅದು ಬೈಗುಳವೇನಲ್ಲ, ಆದರೂ ನನಗೆ ಉರಿಯುತ್ತಿತ್ತು. ಹಾಗಾಗಿ ನಾನು ಹೊಲಿಯುತ್ತಿದ್ದುದೆಲ್ಲ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ.

ಮೆಷಿನ್ನಿನ ಜೊತೆ ತಂದಿದ್ದ ಎಣ್ಣೆಯ ಪುಟ್ಟ ಶೀಶೆ ಬೇಸಿಗೆಯಲ್ಲೇ ಮುಗಿಯಿತು. ತಿಪಟೂರಿಗೆ ಹೊರಟಿದ್ದ ನಮ್ಮ ಯಜಮಾನರಿಗೆ ಇನ್ನೊಂದು ತನ್ನಿ ಎಂದೆ. ಅತ್ತೆಯ ಕಿವಿಗೆ ಬಿತ್ತು.

“ತೆಂಗಿನ ತೋಟದೋರು ಅಂಗ್ಡೀಲಿ ಎಣ್ಣೆ ತಗಂಡ್ರು ಅಂದ್ರೆ ನಾಕು ಜನ ಏನಂತಾರೆ? ನಮ್ಮನೆ ಕೊಬ್ರಿ ಎಣ್ಣೆಗೆ ಏನ್ ಬಂದೈತೆ?”

ಗಾಣದಲ್ಲಿ ಆಡಿಸಿದ ಎಣ್ಣೆಯನ್ನು ತಾವೇ ತಂದು, ಮೆಷಿನ್ನಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಧಾರಾಳವಾಗಿ ಬಿಟ್ಟರು. ಮಕ್ಕಳ ನೆತ್ತಿಗೆ ಹಾಕುವಷ್ಟೇ ಅಕ್ಕರೆಯಿಂದ. ನಿಜ ಹೇಳಬೇಕೆಂದರೆ ಮೆಷಿನ್ನು ಹಿಂದಿಗಿಂತ ನಯವಾಗಿ ಓಡಿತು.

ಚಳಿಗಾಲ ಬಂತು. ನಮ್ಮ ಯಜಮಾನರ ಕಡೇ ತಂಗಿ ಆಗ ಐದನೇ ಕ್ಲಾಸು. ಗಣರಾಜ್ಯೋತ್ಸವದ ದಿನ ಸ್ಕೂಲಿನಲ್ಲಿ ಅವಳ ಡ್ಯಾನ್ಸು. ಬಿಳಿ ಫ್ರಿಲ್ ಫ್ರಾಕು ಹಾಕಿಕೊಂಡು ಬಂದವರು ಮುಂದಿನ ಸಾಲಿಗೆ, ಇಲ್ಲದವರು ಹಿಂದಕ್ಕೆ ಎಂದು ಟೀಚರು ಹೇಳಿದ್ದರಂತೆ. ತುರುವೇಕೆರೆಯ ಟೈಲರು ಅಷ್ಟು ಫ್ರಿಲ್ ಹಾಕಿಕೊಂಡು ಕೂರಲು ಪುರಸೊತ್ತಿಲ್ಲ ಎಂದುಬಿಟ್ಟ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಬಂದಳು.

“ಅವನು ಒಂದು ಸುತ್ತು ಆಗಲ್ಲ ಅಂದ್ನಾ? ನಾನು ಮೂರು ಸುತ್ತು ಹಾಕ್ತೀನಿ, ನೋಡ್ತಾ ಇರು” ಎಂದೆ. ಮನೆಮಂದಿಗೆಲ್ಲ ಕೇಳಿಸುವಂತೆಯೇ ಅಂದೆ.

ಫ್ರಿಲ್ ಅಂದರೆ ಸುಲಭವಲ್ಲ. ಫ್ರಾಕಿನ ಅಂಚಿನ ಎರಡರಷ್ಟು ಉದ್ದದ ಪಟ್ಟಿ ಕತ್ತರಿಸಿ, ಅದಕ್ಕೆ ಸಡಿಲ ಹೊಲಿಗೆ ಹಾಕಿ, ದಾರದ ತುದಿ ಹಿಡಿದು ಎಳೆಯಬೇಕು. ಪಟ್ಟಿ ಮುದುಡಿ ನೆರಿಗೆಯಾಗುತ್ತದೆ. ಆ ನೆರಿಗೆಗಳನ್ನು ಬೆರಳಲ್ಲಿ ಸಮನಾಗಿ ಹಂಚಿ ಅಂಚಿಗೆ ಕೂರಿಸಬೇಕು. ಅವಸರ ಮಾಡಿದರೆ ಒಂದು ಕಡೆ ಗುಪ್ಪೆ, ಒಂದು ಕಡೆ ಬೋಳು. ಡ್ಯಾನ್ಸಿನ ಹಿಂದಿನ ದಿನ ಮಧ್ಯಾಹ್ನ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಬಟ್ಟೆ ಹಿಡಿದು, ನಿಲ್ಲಿಸಿ ನಿಲ್ಲಿಸಿ ಎರಡು ಸುತ್ತು ಮುಗಿಸಿದೆ. ಸಂಜೆ ಕರೆಂಟು ಹೋಯಿತು. ಮೂರನೆಯದಕ್ಕೆ ನೆರಿಗೆ ಹಿಡಿದಿಟ್ಟು, ಬೆಳಗಾಗುತ್ತಲೇ ಹೊಲಿದರಾಯಿತು ಎಂದು ಎದ್ದೆ.

ಬೆಳಿಗ್ಗೆ ಹಿಡಿಕೆ ಅಲುಗಾಡಲಿಲ್ಲ. ಮೈ ಕೊರೆಯುವ ಚಳಿ. ಮೆಷಿನ್ನಿನ ತಗಡು ಸರಿಸಿ ನೋಡಿದರೆ ಒಳಗೆಲ್ಲ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿದೆ. ಎರಡು ಜಡೆ ಹಾಕಿಸಿಕೊಂಡು ರಿಬ್ಬನ್ನು ಕಟ್ಟಿಸಿಕೊಂಡು ನಿಂತಿದ್ದ ಹುಡುಗಿ, “ಅತ್ತಿಗೆ, ನಾನ್ ಹಿಂದ್ಗಡೆ ನಿಂತ್ಕಬೇಕಾ?” ಎಂದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

“ನೋಡಿ ಅತ್ತೆ, ನಿಮ್ಮೆಣ್ಣೆ ಮಾಡಿರೋ ಕೆಲ್ಸ!” ಎಂದುಬಿಟ್ಟೆ. ಸೊಸೆಯಾದವಳು ಹಾಗೆ ದನಿ ಎತ್ತುವ ಕಾಲವಲ್ಲ ಅದು.

ಅತ್ತೆ ಬಗ್ಗಿ ನೋಡಿದರು. ಚಳಿಗಾಲದಲ್ಲಿ ತಲೆಗೆ ಹಚ್ಚುವ ಎಣ್ಣೆ ಗಟ್ಟಿಯಾದರೆ ಶೀಶೆಯನ್ನು ದಿನಾ ನೀರೊಲೆಯ ಪಕ್ಕ ಇಟ್ಟು ಕರಗಿಸುತ್ತಿದ್ದವರು ಅವರೇ. ಆ ಬೆಳಿಗ್ಗೆಯೂ ಮಗಳ ಜಡೆಗೆಂದು ಹಾಗೇ ಕರಗಿಸಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೆಷಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಚ್ಚಲುಮನೆಗೆ ನಡೆದರು. ಒಲೆಗೆ ಇನ್ನೆರಡು ತೆಂಗಿನ ಮಟ್ಟೆ ತುರುಕಿ, ಪಕ್ಕದಲ್ಲಿ ಮಣೆ ಹಾಕಿ ಅದರ ಮೇಲಿಟ್ಟರು. ಬಾಣಂತಿಗೆ ಶಾಖ ಕೊಡುವ ಹಾಗೆ ಮಗ್ಗುಲು ಬದಲಿಸಿ ಬದಲಿಸಿ ಕಾಯಿಸಿದರು. ಎಣ್ಣೆ ಕರಗಿ ಇಳಿಯತೊಡಗಿತು. ನಾನು ಹಳೇ ಪಂಚೆಯ ತುಂಡಿನಲ್ಲಿ ಒರೆಸುತ್ತ ಹೋದೆ. ಕೊನೆಗೂ ಹಿಡಿಕೆ ತಿರುಗಿತು.

ಆದರೆ ನಿಲ್ಲಿಸಿ ನಿಲ್ಲಿಸಿ ಹೊಲಿಯುವಷ್ಟು ಹೊತ್ತು ಉಳಿದಿರಲಿಲ್ಲ. ಅತ್ತೆ ತಾವಾಗಿಯೇ ಎದುರು ಕುಕ್ಕರುಗಾಲಲ್ಲಿ ಕೂತರು.

“ನೀನ್ ಬಟ್ಟೆ ಹಿಡ್ಕೊ. ನಾನ್ ತಿರುಗುಸ್ತೀನಿ.”

ಒಲೆಯ ಪಕ್ಕದಲ್ಲೇ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಹೊಲಿದೆವು. “ಮೆಲ್ಲಗೆ ಅತ್ತೆ. ನಿಲ್ಸಿ. ಹೂಂ, ಈಗ ತಿರುಗ್ಸಿ.” ಒಮ್ಮೆ ಅವರು ಜೋರಾಗಿ ಸುತ್ತಿಬಿಟ್ಟರು. “ಬಾವಿ ರಾಟೆ ಅಲ್ಲ ಅತ್ತೆ ಅದು!” ಎಂದೆ. “ಆಗ್ಲಿ ಕಣಮ್ಮ, ಬೈಬ್ಯಾಡ” ಎಂದರು. ಆ ಮನೆಯಲ್ಲಿ ಯಾರ ಮಾತನ್ನೂ ಕೇಳಿದವರಲ್ಲ ಅವರು. ಅವತ್ತು ನನ್ನ ಮಾತಿಗೆ ತಿರುಗಿಸಿದರು, ನನ್ನ ಮಾತಿಗೆ ನಿಲ್ಲಿಸಿದರು. ಹೊಲಿಗೆ ಓಡುತ್ತಿದ್ದರೆ ನನಗೆ ಎಂಥದೋ ಖುಷಿ.

ಹುಡುಗಿ ಮುಂದಿನ ಸಾಲಿನಲ್ಲೇ ನಿಂತಳು. ಅವಳು ಗಿರ್ರನೆ ತಿರುಗಿದಾಗ ಮೂರು ಸುತ್ತು ಫ್ರಿಲ್ಲೂ ಅರಳಿ ನಿಂತವು. ನನ್ನ ಎದೆ ಉಬ್ಬಿತು. ಹತ್ತಿರ ಕೂತಿದ್ದ ಹೆಂಗಸೊಬ್ಬರು, “ತಿಪಟೂರಲ್ಲಿ ತಗಂಡ್ರಾ?” ಎಂದು ಅತ್ತೆಯನ್ನು ಕೇಳಿದರು.

“ಯಾವ ತಿಪಟೂರೂ ಇಲ್ಲ ಕಣ್ರೀ. ನಮ್ ಸೊಸೆ ಹೊಲ್ದಿದ್ದು,” ಎಂದ ಅತ್ತೆ ಒಂದು ಗಳಿಗೆ ತಡೆದು ಸೇರಿಸಿದರು, “ತಿರುಗ್ಸಿದ್ದು ನಾನು.”

ಮನೆಗೆ ಬಂದವರೇ ಕಿಟಕಿಯ ಹತ್ತಿರದ ಕಾಯಿ ರಾಶಿ ಸರಿಸಿ, ಮೆಷಿನ್ನನ್ನು ಬೆಳಕಿಗೆ ತಂದಿಟ್ಟರು. ಮರುವಾರ ಯಜಮಾನರು ಕೊಬ್ಬರಿ ಮೂಟೆ ಗಾಡಿಗೇರಿಸಿ ತಿಪಟೂರಿಗೆ ಹೊರಟಾಗ, ಅತ್ತೆ ಬಾಗಿಲವರೆಗೂ ಹೋಗಿ ಆಚೀಚೆ ನೋಡಿ ತಗ್ಗಿದ ದನಿಯಲ್ಲಿ ಮಗನಿಗೆ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು.

“ಲೇ, ಬರುವಾಗ ಮಿಷಿನ್ ಎಣ್ಣೆ ತತ್ತಾ. ಯಾರಾನಾ ಕೇಳುದ್ರೆ ಎಣ್ಣೆ ಅನ್ಬ್ಯಾಡ, ಔಷ್ದಿ ಅನ್ನು.”