ಬಸ್ಸಿನವನಿಗೆ ಅಜ್ಜಿ ಕೊಟ್ಟ ಲೆಕ್ಕ

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ರಸ್ತೆ ಬಿಟ್ಟು ಎರೆಹೊಲಗಳ ನಡುವೆ ಒಳಗೆ ಬಂದರೆ ನಮ್ಮೂರು. ಮಳೆ ಬಿದ್ದರೆ ಬಂಡಿಯ ಗಾಲಿಗೆ ಮಣ್ಣು ಮೆತ್ತಿ ಎತ್ತುಗಳು ನಿಂತೇಬಿಡುತ್ತಿದ್ದವು. ನಾನು ಬಳ್ಳಾರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹುಡುಗಿಯರ ಕಾನ್ವೆಂಟಿಗೆ ಹೋಗುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ವರ್ಷ ಅತ್ತೆಯವರು ಆದೋನಿಗೆ ಹೋಗುವುದಾಯಿತು. ಬೋರ್ಡಿಂಗಿಗೆ ಹಾಕುತ್ತೇನೆಂದು ಅಪ್ಪ ಅಂದಾಗ ಅಜ್ಜಿ ಕಡ್ಡಿ ಮುರಿದಂತೆ ಹೇಳಿದಳು: "ಶನಿವಾರ ಮನಿಗಿ ಬಂದು ಸೋಮವಾರ ಹೋಗೂದಾದ್ರ ಹಾಕು. ಅಲ್ಲಿ ಏನು ಉಣಸ್ತಾರೋ, ಏನು ಕಲಸ್ತಾರೋ, ವಾರಕ್ಕೊಮ್ಮೆ ನಾ ನೋಡಬೇಕು. ಇಲ್ಲಂದ್ರ ಸಾಲಿ ಸಾಕು."

ಬಂಡಿಯಲ್ಲಿ ಅದು ಆಗದ ಮಾತು. ಊರಿಗೆ ಬಸ್ಸು ಬಂದರೆ ಮಾತ್ರ ನನಗೆ ಸ್ಕೂಲು.

ಅಪ್ಪ ಬಳ್ಳಾರಿಗೆ ಹೇಳಿಕಳಿಸಿದ ಮೇಲೆ ಬಸ್ಸಿನ ಸಾಹುಕಾರರ ಗುಮಾಸ್ತ ಬಂದೂ ಬಂದ. ಖಾಕಿ ಕೋಟು, ಕಿವಿಯ ಮೇಲೆ ಪೆನ್ಸಿಲ್. ಮನೆಯಲ್ಲಿ ಎಷ್ಟು ಜನ, ಬಳ್ಳಾರಿಗೆ ಯಾರು ಹೋಗುವವರು ಅಂತ ಮನೆಮನೆ ಕೇಳಿದ. ಪಾಪ, ಅವನಿಗೆ ಬೇಕಾಗಿದ್ದು ಪ್ಯಾಸೆಂಜರುಗಳು. ನಮ್ಮೂರಿಗೆ ಕಂಡಿದ್ದು ಖಾಕಿ. ತಲೆ ಎಣಿಸಿದವರೆಲ್ಲ ಆಗ ಏನಾದರೂ ಒಯ್ದಿದ್ದರು: ಸರ್ಕಾರದ ಲೆವಿ ಅಂತ ಜೋಳ, ದಂಡಿಗೆ ಅಂತ ಗಂಡಸರು. ಲಾರಿ ಹತ್ತಿ ಹೋದ ಇಬ್ಬರು ತಿರುಗಿ ಬಂದಿರಲಿಲ್ಲ.

ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತಳು. "ನಾ ಒಬ್ಬಾಕೀನ ಅದೀನಿ."

ಒಳಗೆ ಸೊಸೆಯಂದಿರ ಬಳೆ ಸದ್ದು. ಗುಮಾಸ್ತ ರೊಟ್ಟಿ ಬುಟ್ಟಿ ನೋಡಿದ. "ಅವ್ವಾರ, ಇಷ್ಟು ರೊಟ್ಟಿ ಯಾರಿಗ್ರಿ?"

"ನಾಯಿಗಿ."

ಉಳಿದ ಮನೆಗಳಲ್ಲೂ ಅವನಿಗೆ ಇಂಥದೇ ಉತ್ತರ. ಸಂಜೆ ಅವನು ಅಪ್ಪನಿಗೆ ಹೇಳಿದ, "ನಿಮ್ಮೂರಾಗ ಮಂದಿಗಿಂತ ನಾಯಿ ಹೆಚ್ಚದಾವ್ರಿ. ಅವು ಟಿಕೀಟು ತಗಳ್ಳಂಗಿಲ್ಲ. ಸಂತಿ ದಿನ ಒಂದ್ಸಲ ಬಸ್ ತರ್ತೀವಿ. ಖಾಲಿ ಹೋತಂದ್ರ ಈ ಕಡಿ ಮತ್ತ ಬರಂಗಿಲ್ಲ."

ಅದು ಬರೀ ಬಸ್ಸು ಅಜ್ಜಿ, ಅಂದೆ.

"ನಿನಗ ಹೆಂಗ ಗೊತ್ತು? ನಿನ್ನ ಸಾಲಿ ಪುಸ್ತಕದಾಗ ಇಂಗ್ಲೀಷ್‌ನಾಗ ಬರದಿತ್ತೇನು?"

ಸಂತೆಯ ದಿನ ಬಂತು. ಪೆಟ್ರೋಲಿನ ಅಭಾವಕ್ಕೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು. ಬೆನ್ನಿಗೆ ಹೊಗೆ ಕಾರುವ ಡ್ರಮ್ಮು. ಅದರಲ್ಲಿ ಏನು ಕುದಿಸುತ್ತಾರೋ ಅಂತ ಬೇವಿನ ಮರದ ಕೆಳಗಿದ್ದವರು ಗುಸುಗುಸು ಮಾಡಿದರೇ ಹೊರತು ಒಬ್ಬರೂ ಹತ್ತಲಿಲ್ಲ. ನಾನು ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದೆ. ಏಕೆ ಹಾಕಿಕೊಂಡೆನೋ. ಅಪ್ಪ ಮೆಟ್ಟಿಲ ಮೇಲೆ ಕಾಲಿಟ್ಟರೆ ಅಜ್ಜಿ ಅವರ ಹೆಗಲ ವಲ್ಲಿ ಹಿಡಿದು ಎಳೆದಳು. "ನೀ ಅವರ ಕಡಿಯಾಂವ. ನೀ ಹೇಳಿದ್ದು ಯಾರೂ ನಂಬಂಗಿಲ್ಲ. ನಾ ನೋಡಿ ಬರ್ತೀನಿ."

ಹತ್ತಿ ಬಾಗಿಲ ಪಕ್ಕ ಕೂತು ಒಂದು ಕಾಲು ಮೆಟ್ಟಿಲ ಮೇಲೇ ಇಟ್ಟಳು. ಡ್ರೈವರ್ ತೆಲುಗಿನಲ್ಲಿ, ಕಾಲು ಒಳಗಿಡಮ್ಮಾ ಅಂದ. "ಹಾದಿ ತಪ್ಪಿಸಿದ್ರ ಜಿಗೀಬೇಕಲ್ಲ," ಅಂದಳು.

ಬಸ್ಸು ಹೋದ ಮೇಲೆ ಗೊತ್ತಾಯಿತು, ಉಗ್ರಾಣದ ಕೀಲಿ ಅವಳ ಸೊಂಟದಲ್ಲೇ ಹೋಗಿದೆ. ಮನೆಯಲ್ಲಿ ಒಲೆ ಹತ್ತಲಿಲ್ಲ. ಹೊತ್ತು ಇಳಿದರೂ ಬಸ್ಸಿಲ್ಲ. "ಒಯ್ದ್ರು ನೋಡು, ಮುದುಕೀನೂ ಬಿಡಲಿಲ್ಲ," ಅಂದರು ಮರದ ಕೆಳಗೆ. ಚಿಕ್ಕಮ್ಮ ಕಣ್ಣೊರೆಸಿಕೊಂಡಳು, ಅದು ಅಜ್ಜಿಗಾಗಿಯೋ ಕೀಲಿಗಾಗಿಯೋ, ನನಗೆ ಇವತ್ತಿಗೂ ಡೌಟು.

ದೀಪ ಹಚ್ಚುವ ಹೊತ್ತಿಗೆ ಹೊಗೆ ಕಂಡಿತು. ಹಾದಿಯಲ್ಲಿ ಇದ್ದಿಲು ಆರಿ ನಿಂತಿತ್ತಂತೆ. ಮಸಿ ಹಿಡಿದ ಮುಖದಲ್ಲಿ ಅಜ್ಜಿ ಇಳಿದಳು. ಸೊಂಟ ಮುಟ್ಟಿ ನೋಡಿಕೊಂಡು, "ಉಗ್ರಾಣದ ಬಾಗಲಾ ಯಾರರ ಮುಟ್ಟೀರೇನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಬೋರ್ಡಿಂಗಿನ ಅಡಗಿಮನಿ ನೋಡಿ ಬಂದೆ. ಸಾರು ನೀರಾಗೇತಿ. ಪಾತ್ರಿ ಮಾತ್ರ ಬೆಳ್ಳಗದಾವ."

ಹಿಂದೆ ಇಳಿದ ಗುಮಾಸ್ತನಿಗೆ, "ಬರಕೋ. ನಮ್ಮನಿಯಾಗ ಹದಿನಾಕು ಮಂದಿ. ಈಕೀದು ಮೊದಲ ಬರಿ. ಸೋಮವಾರ ಹೋಗಿ ಶನಿವಾರ ಬರಾಕಿ."

ಅವನು ಕಿವಿಯಿಂದ ಪೆನ್ಸಿಲ್ ತೆಗೆದ. "ನಾಯಿ ಎಷ್ಟ್ರಿ, ಅವ್ವಾರ?"

"ನಮ್ಮನಿಯಾಗ ನಾಯಿ ಇಲ್ಲ," ಅಂದಳು ಅಜ್ಜಿ.