ಗುಂಡಿ ಕಾಯುತ್ತಿದ್ದ ಮುನಿಯಪ್ಪ

ನಮ್ಮ ಕಾವಲುಗಾರ ಮುನಿಯಪ್ಪ ಸಸಿಗಳಿಗಿಂತ ಗುಂಡಿಗಳನ್ನೇ ಹೆಚ್ಚು ಜೋಪಾನ ಮಾಡುತ್ತಿದ್ದ. ಎಂಬತ್ತರ ದಶಕದಲ್ಲಿ ಪ್ರತಿ ಮಳೆಗಾಲಕ್ಕೂ ಉರಿಗಾಂನಲ್ಲಿ ಚಿನ್ನ ತೆಗೆದು ಸುರಿದ ಗಣಿಮರಳಿನ ದಿಬ್ಬದ ಮೇಲೆ ಸಸಿ ನೆಡುತ್ತಿದ್ದೆವು, ಬೇಸಿಗೆಗೆ ಅವು ತಪ್ಪದೆ ಒಣಗುತ್ತಿದ್ದವು. ಮುನಿಯಪ್ಪ ಒಣಕಡ್ಡಿ ಕಿತ್ತು, ಗುಂಡಿಗೆ ಬಿದ್ದ ಬಿಳಿ ಮರಳನ್ನು ಎತ್ತಿಹಾಕಿ, "ಇರ್ಲಿ ಸ್ವಾಮಿ, ಬರೋ ವರ್ಸಕ್ಕೂ ಸಾಯೇಬ್ರು ನೆಡಾಕೆ ಬತ್ತಾರೆ" ಅನ್ನುತ್ತಿದ್ದ. ನಾನು ಬಂಗಾರಪೇಟೆ ಅರಣ್ಯ ಕಚೇರಿಯ ಗುಮಾಸ್ತ. ನೆಟ್ಟ ಸಸಿಗಳನ್ನು ಪುಸ್ತಕಕ್ಕೆ ಬರೆಯುವವನು. ಸತ್ತವನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ಒಮ್ಮೆ ದೊಡ್ಡ ಸಾಹೇಬರು, ಗಿಡ ನೆಟ್ಟರೆ ಭೂಮಿಯ ಕಾವು ಇಳಿಯುತ್ತದೆ, ಮಳೆ ಬರುತ್ತದೆ ಎಂದು ಭಾಷಣ ಮಾಡಿದರು. ಬಿಂದಿಗೆ ಹಿಡಿದು ನಿಂತಿದ್ದ ಮುನಿಯಪ್ಪ, "ಆ ಮಳೆ ಬರೋಗಂಟ ಇವು ಬದುಕಿರಬೇಕಲ್ಲ ಸ್ವಾಮಿ? ನೀರಿಗೊಂದು ದಾರಿ ಮಾಡ್ಕೊಡಿ" ಎಂದ. ಸಾಹೇಬರಿಗೆ ಅವನ ಕಾಳಜಿ ಬಹಳ ಹಿಡಿಸಿತು. ಮರುವರ್ಷ ಎರಡರಷ್ಟು ಸಸಿ ಕಳಿಸಿದರು.

ಆಮೇಲೆ ಅವನಿಗೂ ಹಟ ಬಂತು. ಒಂದಾದರೂ ಮರ ಮಾಡಿಯೇ ತೀರುತ್ತೇನೆಂದು ಕೆರೆಯ ಗೋಡುಮಣ್ಣನ್ನು ಮಂಕರಿಯಲ್ಲಿ ಹೊತ್ತುತಂದು ಒಂದು ಸಾಲು ಗುಂಡಿಗಳಿಗೆ ತುಂಬಿ ಹೊಂಗೆ ನೆಟ್ಟ. ಎರಡು ವರ್ಷ ಅವು ನಳನಳಿಸಿದವು. ಸಾಹೇಬರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ನಾನು 'ಯಶಸ್ವಿ' ಎಂದು ಬರೆದೆ. ಮೂರನೇ ಬೇಸಿಗೆಗೆ ಸಾಲಿಗೆ ಸಾಲೇ ಒಣಗಿತು. ಮುನಿಯಪ್ಪ ಒಂದನ್ನು ಅಗೆದು ತೋರಿಸಿದ. ಬೇರುಗಳು ಗೋಡಿನೊಳಗೇ ಸುತ್ತಿ ಸುತ್ತಿ ಸಿಂಬಿಯಾಗಿದ್ದವು. ಒಂದೂ ಮರಳಿಗೆ ಇಳಿದಿರಲಿಲ್ಲ.

"ನಾನೇ ಮೋಸ ಮಾಡ್ದೆ ಸ್ವಾಮಿ. ಒಳ್ಳೆ ಮಣ್ಣಿನ ಆಸೆ ತೋರ್ಸಿ ಈ ಮರಳಿನ ಬಾಯಿಗಾಕ್ದೆ" ಎಂದು ಮುಖ ತಿರುಗಿಸಿಕೊಂಡ. ನನಗೆ ನಾಚಿಕೆಯಾಯಿತು. ಆದರೂ ಪುಸ್ತಕ ತಿದ್ದಲಿಲ್ಲ.

ಅವನು ನಿವೃತ್ತನಾದ ದಿನ ದಿಬ್ಬದ ಬುಡದಲ್ಲೇ ಹಾರ ಹಾಕಿ, ಮೇಲೆ ಅವನೇ ನೆಡಲೆಂದು ಒಂದು ಹೊಂಗೆ ಸಸಿ ಕೊಟ್ಟರು. ಅದನ್ನು ದಿಬ್ಬದ ಮೇಲೆ ನೆಟ್ಟಾಯಿತೆಂದು ಬೆಳಿಗ್ಗೆಯೇ ನಾನು ಬರೆದಾಗಿತ್ತು. ಸಾಹೇಬರ ಜೀಪು ಹೊರಟದ್ದೇ ಮುನಿಯಪ್ಪ ಸಸಿಯನ್ನು ಕಂಕುಳಲ್ಲಿಟ್ಟುಕೊಂಡ. "ಇದೊಂದ್ನ ಸಾಯ್ಸಾಕೆ ನನ್ ಕೈಲಾಗಲ್ಲ ಸ್ವಾಮಿ. ಊರ್ಗೆ ತಕಂಡೋಗ್ತೀನಿ." ರಾಬರ್ಟ್‌ಸನ್‌ಪೇಟೆಯವರೆಗೂ ಜೊತೆಯಲ್ಲೇ ಹೋಗಿ ಬೂದಿಕೋಟೆ ಬಸ್ಸು ಹತ್ತಿಸಿದೆ. ಸಸಿಗೆ ಕಿಟಕಿ ಪಕ್ಕದ ಜಾಗ ಕೊಟ್ಟಿದ್ದ.

ಅವನ ಊರಿಗೆ ನಾನು ಹೋದದ್ದು ಎಷ್ಟೋ ವರ್ಷದ ಮೇಲೆ, ಅವನ ತಿಥಿಗೆ. ದನದ ಕೊಟ್ಟಿಗೆ ಮುಂದೆ ಆ ಹೊಂಗೆ ಮರವಾಗಿ ಹರಡಿ ನಿಂತಿತ್ತು. ಅದರ ನೆರಳಲ್ಲೇ ನಮಗೆಲ್ಲ ಎಲೆ ಹಾಕಿದ್ದರು. ನಾನು ಬರೆದ ಅಷ್ಟೂ ಸಸಿಗಳಲ್ಲಿ ಮರವಾದದ್ದನ್ನು ನಾನು ಕಂಡದ್ದು ಅದೊಂದನ್ನೇ. ಪುಸ್ತಕದಲ್ಲಿ ಅದು ಈಗಲೂ ಉರಿಗಾಂ ದಿಬ್ಬದ ಮೇಲಿದೆ.